ಹದಿನಾಲ್ಕು ಗೂಡಿನ ಪೆಟ್ಟಿಗೆ

೧೯ ಸೆಪ್ಟೆಂಬರ್ ೨೦೦೫, ಸೋಮವಾರ

ಪೆಟ್ಟಿಗೆ ಬಂತು. ನಮ್ಮ ಕಚೇರಿ ಇರುವ ಜೆ.ಪಿ. ನಗರದ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಕೆಳಗಿನ ಮರದ ಸಾಮಾನಿನ ಅಂಗಡಿಯವನು ಬೀರು ಎತ್ತುವ ಹಗ್ಗ ಕೊಟ್ಟ. ಆರು ಜನ ಸೇರಿ ಮೂರನೇ ಮಹಡಿಗೆ ಹೊತ್ತರು. ಒಳಗೆ ಹದಿನಾಲ್ಕು ಗೂಡು, ಗೂಡಿಗೊಂದು ತೆಳ್ಳನೆಯ ಸರ್ವರ್. ಬ್ಲೇಡ್ ಎನ್ನುತ್ತಾರೆ. ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕಗಳ ಹಾಗೆ ಕಾಣುತ್ತವೆ. ಒಳಗೆ ಇನ್ನೂ ಏನನ್ನೂ ಬರೆದಿಲ್ಲ. ಬರೆಯುವುದು ನನ್ನ ಕೆಲಸ.

ಮ್ಯಾನೇಜರ್ ಮಹೇಶ್ ಎಲ್ಲರನ್ನೂ ಕೂರಿಸಿ ವಿಷಯ ಹೇಳಿದ. ದಾವಣಗೆರೆಯ ಔಷಧಿ ಸಗಟು ಕಂಪನಿಯವರು ಅಕ್ಟೋಬರ್ ಇಪ್ಪತ್ತೊಂದಕ್ಕೆ ನೋಡಲು ಬರುತ್ತಾರೆ. ಅವರ ಎದುರಿಗೇ ಹದಿನಾಲ್ಕನ್ನೂ ಬರಿದು ಮಾಡಿ, ಒಂದು ಗಂಟೆಯೊಳಗೆ ಮತ್ತೆ ಎಬ್ಬಿಸಿ ಕೆಲಸಕ್ಕೆ ಹಚ್ಚಬೇಕು. ಅದು ಆದರೆ ಈ ಕಚೇರಿ ಇಲ್ಲೇ ಉಳಿಯುತ್ತದೆ. ಆಗದಿದ್ದರೆ ಪೆಟ್ಟಿಗೆ ಚೆನ್ನೈಯ ಮುಖ್ಯ ಕಚೇರಿಗೆ ಹೋಗುತ್ತದೆ, ಪೆಟ್ಟಿಗೆಯ ಜೊತೆ ನಾನು. ಉಳಿದವರಿಗೆ ಕೆಲಸವಿಲ್ಲ.

"ಇಂದ್ರಾಣಿ ಮೇಡಂ, ನಿಮ್ಗೇನ್ ತೊಂದ್ರೆ ಇಲ್ಲ ಬಿಡಿ," ಎಂದ ಮಹೇಶ್. ನಿಜ. ಯಾವ ಊರಿನ ಕಿಟಕಿಯಿಂದಲೂ ಪಕ್ಕದ ಕಟ್ಟಡದ ಗೋಡೆಯೇ ಕಾಣುತ್ತದೆ.

ಬೇಗೂರಿನ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ರೈಲ್ವೆ ಅಂಚೆಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ನನ್ನ ಕೆಲಸವೇನೆಂದು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದಾರೆ. ಇವತ್ತೂ ಹೇಳಿದೆ: ಒಂದು ಯಂತ್ರವನ್ನು ಪೂರ್ತಿ ಸಿದ್ಧ ಮಾಡಿ, ಆಮೇಲೆ ಅದರ ಹೆಸರು, ವಿಳಾಸ, ಅದಕ್ಕೇ ಸೇರಿದ ಗುರುತು ಏನಿದೆಯೋ ಎಲ್ಲ ಅಳಿಸಿ, ಉಳಿದದ್ದರ ಪಡಿಯಚ್ಚು ತೆಗೆಯುತ್ತೇನೆ. ಅದಕ್ಕೆ ಇಮೇಜ್ ಎಂದು ಹೆಸರು. ಬರಿದಾದ ಯಂತ್ರಗಳಿಗೆ ಅದನ್ನು ತುಂಬಿದರೆ ಎಲ್ಲವೂ ಮೊದಲಿನದರ ಹಾಗೇ ಏಳುತ್ತವೆ.

"ಹೆಸ್ರು ಊರು ಎಲ್ಲ ಅಳಿಸ್ಬಿಡ್ತೀಯಾ?" ಎಂದರು. "ಮನುಷ್ಯರಿಗೂ ಮಾಡ್ತಾರಾ ಕೇಳಮ್ಮ ನಿಮ್ಮ ಆಫೀಸ್ನಲ್ಲಿ." ಪೇಪರು ಮುಖಕ್ಕೆ ಅಡ್ಡವಿತ್ತು. ನಗುತ್ತಿದ್ದರೋ ಏನೋ.

೨೨ ಸೆಪ್ಟೆಂಬರ್, ಗುರುವಾರ

ಮೊದಲ ಇಮೇಜ್ ತುಂಬಿದೆ. ಹದಿನಾಲ್ಕೂ ಎದ್ದವು. ಹದಿನಾಲ್ಕೂ ಒಂದೇ ಹೆಸರು ಹೇಳಿದವು. ಅಳಿಸಿದ್ದೇನೆ ಎಂದುಕೊಂಡಿದ್ದ ಹೆಸರು ಒಂದು ಮೂಲೆಯ ಕಡತದಲ್ಲಿ ಉಳಿದಿತ್ತು. ಒಂದನ್ನು ಕರೆದರೆ ಹದಿನಾಲ್ಕು ಓಗೊಡುತ್ತಿದ್ದವು.

ತಂತಿಗಳನ್ನು ನೋಡಿಕೊಳ್ಳುವವನು ಗದಗ ಕಡೆಯವನು, ಚನ್ನವೀರ ಎಂದು ಹೆಸರು. ಪರದೆ ಇಣುಕಿ ನೋಡಿದ. "ನಮ್ಮ ಓಣ್ಯಾಗೂ ಹಿಂಗ ರೀ ಮೇಡಂ. ಏಳು ಮಂದಿ ಬಸಪ್ಪ ಅದಾರ. ಬಸಪ್ಪಾ ಅಂತ ಒದರಿದ್ರ ಏಳೂ ಬಾಗಲಾ ತಗೀತಾವ."

ನಾನು ಪರದೆಯ ಕಡೆಗೇ ತಿರುಗಿದೆ. ಉತ್ತರಿಸಿದರೆ ಮಾತು ಬೆಳೆಯುತ್ತದೆ.

೨೪ ಸೆಪ್ಟೆಂಬರ್

ಹೆಸರು ಅಳಿಯಿತು. ಈಗ ಯಾವುದೂ ಓಗೊಡುತ್ತಿಲ್ಲ.

೨೮ ಸೆಪ್ಟೆಂಬರ್, ಬುಧವಾರ

ಸರಿಹೋಯಿತು. ಇಮೇಜ್ ಈಗ ಎರಡು. ಹದಿನಾಲ್ಕರಲ್ಲಿ ನಾಲ್ಕು ಬ್ಲೇಡುಗಳ ಡಿಸ್ಕ್ ದೊಡ್ಡದು, ನೆನಪೂ ಜಾಸ್ತಿ. ಔಷಧಿ ಕಂಪನಿಯ ದಾಸ್ತಾನಿನ ಲೆಕ್ಕ ಪೂರ್ತಿ ಅವುಗಳಲ್ಲಿ ಕೂರಬೇಕು. ಅವಕ್ಕೆ ದೊಡ್ಡ ಇಮೇಜ್, ಉಳಿದ ಹತ್ತಕ್ಕೆ ಚಿಕ್ಕದು. ನಾಲ್ಕನ್ನು ಮೊದಲ ನಾಲ್ಕು ಗೂಡುಗಳಲ್ಲಿ ಇಟ್ಟು, ಪಟ್ಟಿ ಬರೆದೆ: ಒಂದರಿಂದ ನಾಲ್ಕನೇ ಗೂಡಿಗೆ ದೊಡ್ಡದು, ಐದರಿಂದ ಹದಿನಾಲ್ಕಕ್ಕೆ ಚಿಕ್ಕದು. ಪಟ್ಟಿ ನೋಡಿ ತುಂಬುವ ಕೆಲಸ ಯಂತ್ರದ್ದೇ. ಗೂಡು ತಿಳಿದರೆ ಸಾಕು, ಒಳಗಿರುವುದು ಯಾರು ಎಂದು ಕೇಳಬೇಕಾಗಿಲ್ಲ.

ಊಟ ಮೇಜಿನಲ್ಲೇ. ಪಕ್ಕದ ಕೋಣೆಯಲ್ಲಿ ಚನ್ನವೀರ ಫೋನಿನಲ್ಲಿದ್ದ. ಫೋನೇ ಬೇಡ ಎನ್ನುವಷ್ಟು ಗಟ್ಟಿ ದನಿ. ಕೇಳಿಸಿಕೊಳ್ಳದೆ ಬೇರೆ ದಾರಿಯಿಲ್ಲ. ದೀಪಾವಳಿ ಮುಗಿದ ಮೇಲೆ ಹೆಂಡತಿ ದಾನಮ್ಮ, ಮಗಳು ಬರುತ್ತಾರಂತೆ. ಬಿ.ಟಿ.ಎಂ.ನಲ್ಲಿ ಮನೆ ನೋಡಿದ್ದಾನೆ. "ಇಪ್ಪತ್ತೊಂದನೇ ತಾರೀಖು ದಾಟ್ಲಿ ತಡಿ. ಅಲ್ಲೀತನಾ ಗಂಟು ಕಟ್ಟಬ್ಯಾಡ."

ಎರಡು ವರ್ಷದಿಂದ ಹೆಂಡತಿ ಮಗಳನ್ನು ಬಿಟ್ಟು ಇದ್ದಾನೆ ಎಂದು ಪಕ್ಕದ ಮೇಜಿನ ಅನ್ನಪೂರ್ಣ ಹೇಳಿದಳು. ಪರೀಕ್ಷೆಯ ದಾಖಲೆ ಬರೆಯುವವಳು, ಇಳಕಲ್ಲಿನವಳು. ನಾನು ಕೇಳಿರಲಿಲ್ಲ.

೮ ಅಕ್ಟೋಬರ್, ಶನಿವಾರ

ಪೂರ್ತಿ ತಾಲೀಮು. ಐವತ್ತೆರಡು ನಿಮಿಷ. ಹದಿನಾಲ್ಕೂ ಎದ್ದವು, ತಂತಮ್ಮ ಹೆಸರಿನಲ್ಲಿ. ಮಹೇಶ್ "ಸಖತ್ ಮೇಡಂ!" ಎಂದು ಕೈಚಾಚಿದ, ನಾನು ಕನ್ನಡಕ ಒರೆಸುತ್ತಿದ್ದೆ. ಮನೆಗೆ ಬರುವಾಗ ಹುಳಿಮಾವಿನಲ್ಲಿ ರಸ್ತೆ ತುಂಬ ಮಳೆನೀರು. ಬಸ್ಸು ಕೆರೆಯೊಳಗೇ ಹೋಗುತ್ತಿರುವಂತಿತ್ತು.

೧೦ ಅಕ್ಟೋಬರ್, ಸೋಮವಾರ

ನಾಳೆ ಆಯುಧಪೂಜೆ. ಬೂದುಗುಂಬಳ, ಚೆಂಡುಹೂವು, ಮಂಡಕ್ಕಿಯ ಚೀಲ ಈಗಲೇ ಮೆಟ್ಟಿಲ ಮೇಲಿವೆ.

"ಮೇಡಂ, ಪೂಜೆಗೆ ಇರ್ತೀರಾ?" ಮಹೇಶ್ ಕೇಳಿದ.

"ಇಲ್ಲ, ನಮ್ಮಲ್ಲಿ ಮಾಡೋದಿಲ್ಲ."

ನಮ್ಮಲ್ಲಿ ಎಂದರೆ ಏನೆಂದು ಅವನು ಕೇಳಲಿಲ್ಲ. ಇಂಥದ್ದನ್ನು ಕೇಳಬಾರದು ಎಂದು ಒಳ್ಳೆಯ ಮನೆಯಲ್ಲಿ ಕಲಿತ ಹುಡುಗ. ನನಗೆ ಗೊತ್ತಿರುವ ಹೆಚ್ಚಿನವರು ಕೇಳುತ್ತಾರೆ. ಹೆಸರಾದ ಮೇಲೆ ಊರು, ಊರಾದ ಮೇಲೆ ಯಾವ ಬೀದಿ. ನಾನೇ ಹೇಳಿದೆ: ನಾವು ಬೌದ್ಧರು. ನೀವು ನಿಮ್ಮ ಪೂಜೆ ಮಾಡಿ. ನನ್ನ ಪೆಟ್ಟಿಗೆಗೆ ಮಾತ್ರ ಕುಂಕುಮ ಅರಿಸಿನ ಬೇಡ.

"ಅಯ್ಯೋ, ಖಂಡಿತ ಮೇಡಂ," ಎಂದ. ಹಿಂದೆ ನಿಂತಿದ್ದ ಚನ್ನವೀರ ಪೆಟ್ಟಿಗೆಯ ಕಡೆ ನೋಡಿದ. ಎಲ್ಲರೂ ಹಬ್ಬಕ್ಕೆ ಹೊರಟಾಗ ಮನೆಯಲ್ಲೇ ಉಳಿದ ಮಗುವನ್ನು ನೋಡುವ ಹಾಗೆ.

೧೨ ಅಕ್ಟೋಬರ್, ಬುಧವಾರ

ವಿಜಯದಶಮಿ. ಅಪ್ಪನ ಬಿಳಿ ಅಂಗಿಗೆ ಇಸ್ತ್ರಿ ಮಾಡಿದೆ. ಅವರು ದೀಕ್ಷೆ ತೆಗೆದುಕೊಂಡದ್ದೂ ಒಂದು ವಿಜಯದಶಮಿಯಂದೇ. ವಿಹಾರದಲ್ಲಿ ಎಲ್ಲರೂ ಅವರನ್ನು ಸಂಜೀವಯ್ಯ ಮೇಷ್ಟ್ರೇ ಎನ್ನುತ್ತಾರೆ. ಮೇಷ್ಟ್ರಾಗಿದ್ದವರಲ್ಲ. ತಿದ್ದುವುದಿಲ್ಲ, ಸುಖವಾಗಿ ಕೇಳಿಸಿಕೊಳ್ಳುತ್ತಾರೆ. ಕಣ್ಣು ಮುಚ್ಚಿ ಕೂತಾಗ ನನಗೆ ಕಂಡದ್ದು ಹದಿನಾಲ್ಕು ಹಸಿರು ದೀಪ.

೧೩ ಅಕ್ಟೋಬರ್, ಗುರುವಾರ

ಏನೋ ಆಗಿದೆ. ಶನಿವಾರ ಎದ್ದಿದ್ದ ಯಂತ್ರಗಳು ಇವತ್ತು ಏಳುತ್ತಿಲ್ಲ. ಎರಡನೇ ಗೂಡು ಸರಿಯಿದೆ. ಒಂದು, ಮೂರು, ನಾಲ್ಕು ಅರ್ಧದಲ್ಲಿ ನಿಂತು, ಜಾಗ ಸಾಲದು ಎನ್ನುತ್ತಿವೆ. ನಾನು ಒಂದಕ್ಷರ ಬದಲಿಸಿಲ್ಲ. ಇಮೇಜ್ ತಾನಾಗಿ ದಪ್ಪವಾಯಿತೇ?

"ರಜೆಯಲ್ಲಿ ಯಾರಾದರೂ ಮುಟ್ಟಿದಿರಾ?" ಎಂದೆ.

"ಕೀಬೋರ್ಡ್ ಯಾರೂ ಮುಟ್ಟಿಲ್ಲ ಮೇಡಂ," ಎಂದ ಮಹೇಶ್, ತುಂಬ ಬೇಗ. ಅನ್ನಪೂರ್ಣ ಡಬ್ಬಿ ತೊಳೆಯಲು ಹೋದಳು. ಡಬ್ಬಿ ಆಗಲೇ ತೊಳೆದಿತ್ತು.

೧೪ ಅಕ್ಟೋಬರ್

ಇಮೇಜಿನಿಂದ ಕೈಪಿಡಿಗಳನ್ನು ತೆಗೆದೆ. ಅಕ್ಷರವಿನ್ಯಾಸಗಳು, ಪ್ರಿಂಟರಿನ ಸಾಮಾನು, ಎಪ್ಪತ್ತು ದೇಶಗಳ ಗಡಿಯಾರ.

೧೫ ಅಕ್ಟೋಬರ್

ಇನ್ನೂ ತೆಗೆದೆ.

೧೭ ಅಕ್ಟೋಬರ್, ಸೋಮವಾರ

ಅಂತೂ ಇಮೇಜ್ ಹಿಡಿಸಿತು. ಹದಿನಾಲ್ಕೂ ಎದ್ದವು. ದಾಸ್ತಾನಿನ ಲೆಕ್ಕ ಹಾಕಿದೊಡನೆ ಆ ಮೂರೂ ಏದುಸಿರು ಬಿಟ್ಟು ಬಿದ್ದುಕೊಂಡವು. ಇನ್ನು ನಾಲ್ಕು ದಿನ.

ಮಹೇಶ್ ಚೆನ್ನೈಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಇಂಗ್ಲಿಷ್ ಹೆಚ್ಚಾದಷ್ಟೂ ಸುದ್ದಿ ಕೆಟ್ಟದು. ಚನ್ನವೀರ ಊರಿಗೆ ಫೋನು ಮಾಡಲಿಲ್ಲ. ಒಂದೂವರೆಗೆ ಆ ಗೋಡೆಯಾಚೆ ಸದ್ದಿಲ್ಲದಿರುವುದು ಕಿವಿಗೆ ಬಿತ್ತು. ಅನ್ನಕ್ಕೆ ಉಪ್ಪು ಹಾಕುವುದು ಮರೆತಂತೆ. ನಾನು ಕಾರಣವಿಲ್ಲದೆ ಎದ್ದು ಹೋಗಿ ನೋಡಿದೆ. ಪ್ಲಗ್ಗಿನ ತಿರುಪು ಬಿಚ್ಚಿ ಹಾಕುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ.

"ಮಗಳು ಎಷ್ಟನೇ ಕ್ಲಾಸು?" ಎಂದೆ.

"ಎರಡನೇತ್ತ ರೀ."

ಅಷ್ಟೇ ಮಾತು.

೧೮ ಅಕ್ಟೋಬರ್, ಮಂಗಳವಾರ

ಬರೆಯುವುದು ಬಹಳ ಇದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೂರನೇ ಗೂಡಿನ ಬ್ಲೇಡನ್ನೇ ಹೊರಗೆಳೆದೆ. ಅದರ ಮುಚ್ಚಳದ ನಡುವೆ ಗಂಧ. ಗಂಧದ ನಡುವೆ ಕುಂಕುಮ. ಅಂಚಿನಲ್ಲಿ ಒಣಗಿದ ಚೆಂಡುಹೂವಿನ ಒಂದು ಎಸಳು.

ನಾಲ್ಕನೆಯದನ್ನು ಎಳೆದೆ, ಅಲ್ಲೂ ಬೊಟ್ಟು. ಒಂದೊಂದಾಗಿ ಹದಿನಾಲ್ಕನ್ನೂ ನೆಲದ ಮೇಲಿಟ್ಟೆ. ಹದಿನಾಲ್ಕು ಬೊಟ್ಟು, ಅಳತೆ ಹಿಡಿದು ಇಟ್ಟ ಹಾಗೆ. ಆಮೇಲೆ ಪಕ್ಕದ ಚೀಟಿಗಳನ್ನು ಓದಿದೆ. ಮೂರನೇ ಗೂಡಿನಲ್ಲಿದ್ದದ್ದು ಚಿಕ್ಕ ಡಿಸ್ಕಿನದು. ದೊಡ್ಡವು ಎರಡು, ಏಳು, ಒಂಬತ್ತು, ಹದಿಮೂರರಲ್ಲಿ ಕೂತಿದ್ದವು. ಐದು ದಿನ ನಾನು ಒಂದು ತಪ್ಪೂ ಇಲ್ಲದ ಇಮೇಜನ್ನು ಉಪವಾಸ ಕೆಡವಿದ್ದೆ.

ಅನ್ನಪೂರ್ಣ ಬಾಗಿಲಲ್ಲಿ ನಿಂತಿದ್ದಳು.

"ಮೇಡಂ, ಬೈಬ್ಯಾಡ್ರಿ. ನಾ ಎಲ್ಲಾ ಹೇಳ್ತೀನಿ."

"ಪೆಟ್ಟಿಗೆಗೆ ಬೇಡ ಅಂದಿದ್ದೆ."

"ಪೆಟ್ಟಿಗಿಗೆ ಹಚ್ಚಿಲ್ರಿ! ಆಣಿ ಮಾಡ್ತೀನಿ. ಒಳಗಿನವಕ್ಕ ಹಚ್ಚೇವ್ರಿ. ಹೊರಗ ಹಚ್ಚಿದ್ರ ನಿಮ್ಮ ಕಣ್ಣಿಗೆ ಬೀಳತೈತಿ, ನಿಮ್ಮ ಮನಸ್ಸಿಗೆ ಬ್ಯಾಸರ ಆಗ್ತದ. ಒಳಗಾದ್ರ ನಿಮಗೂ ತ್ರಾಸಿಲ್ಲ, ಅವಕ್ಕೂ ಪೂಜಿ ಆತು ಅಂತ..."

"ಯಾರ ಯೋಚನೆ?"

"ಎಲ್ಲಾರದೂ ರೀ. ಫ್ಯಾನಿಗೆ ಪೂಜಿ ಆತು, ನೀರಿನ ಮಷೀನಿಗೆ ಆತು, ಮಹೇಶ್ ಸರ್ ಸ್ಕೂಟರಿಗೂ ಆತು. ಅಷ್ಟು ದುಡಿಯೂವು ಇವು, ಒಂದು ಹನಿ ಗಂಧ ಇಲ್ಲದ ಹ್ಯಾಂಗ ಬಿಡೂದ್ರಿ?"

ಜಮಖಾನೆ ಹಾಸಿ, ಹದಿನಾಲ್ಕನ್ನೂ ಪೂರ್ವಕ್ಕೆ ಮುಖ ಮಾಡಿ ಮಲಗಿಸಿ ಮಂಗಳಾರತಿ ಮಾಡಿದ್ದರಂತೆ. ಆಮೇಲೆ ಎಲ್ಲರ ಕೈಯೂ ಹತ್ತಲಿ ಎಂದು ಒಬ್ಬೊಬ್ಬರು ಒಂದೊಂದನ್ನು ಗೂಡಿಗೆ ಹಾಕಿದರಂತೆ.

"ಕೆಳಗಿನ ಅಂಗಡಿ ಪಾಪಯ್ಯನೂ ಒಂದು ಹಾಕಿದಾ ರೀ," ಎಂದಳು, ಹೇಳಲೋ ಬೇಡವೋ ಎಂಬಂತೆ. "ಹಗ್ಗ ಕೊಟ್ಟಿದ್ನಲ್ಲರೀ. ಅವನ್ನ ಬಿಟ್ರ ಛಲೋ ಅಲ್ಲ."

ಅಷ್ಟರಲ್ಲಿ ಚನ್ನವೀರ ಬಂದ. ನೆಲದ ಮೇಲಿದ್ದದ್ದನ್ನು ನೋಡಿ ಅಲ್ಲೇ ನಿಂತ. "ನಂದ ತಪ್ಪು ರೀ. ಬಿಚ್ಚಿದಾವ ನಾನ. ಎಲ್ಲಿ ಹಾಕಿದ್ರೂ ನಡೀತೈತಿ ಅಂದಾವನೂ ನಾನ." ಬ್ಲೇಡುಗಳ ಕಡೆ ಕೈ ತೋರಿಸಿ, "ನೀವ ಅಂತಿದ್ರೆಲ್ಲರೀ, ಹೆಸರು ಅಳಿಸಿದ ಮ್ಯಾಲೆ ಎಲ್ಲಾ ಒಂದ ಅಂತ."

ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಎಲ್ಲಿಂದಲೋ. ಕುರ್ಚಿ ಹಿಡಿದುಕೊಳ್ಳಬೇಕಾಯಿತು. ಅವರಿಬ್ಬರೂ ನಾನು ಅಳುತ್ತಿದ್ದೇನೆ ಎಂದುಕೊಂಡರು. ಅನ್ನಪೂರ್ಣ ನೀರು ತಂದಳು. ಪಾಪಯ್ಯ ಬ್ಲೇಡ್ ಹಿಡಿದು ನಿಂತಿರುವುದು ಕಣ್ಣ ಮುಂದೆ ಬಂತು, ನೀರು ನೆತ್ತಿಗೇರಿತು. ಚನ್ನವೀರ ಬೆನ್ನು ತಟ್ಟಲು ಕೈ ಎತ್ತಿ, ತಟ್ಟಬಹುದೋ ಎಂದು ತಿಳಿಯದೆ ಗಾಳಿಯಲ್ಲೇ ನಿಲ್ಲಿಸಿದ. "ಅಕ್ಕಾರ, ಅಕ್ಕಾರ," ಎನ್ನುತ್ತಿದ್ದ.

ಗಂಧ ಒರೆಸಲಿಲ್ಲ. ಪುರುಸೊತ್ತಾಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅವರೂ ನಕ್ಕರು, ಪಾಪಯ್ಯನ ಮಾತು ಎರಡು ಸಲ ಹೇಳಿಸಿದರು. ಆಮೇಲೆ ಅಂದರು: "ನಮ್ಮಲ್ಲೂ ಗೂಡುಗಳ ಮೇಲೆ ಊರಿನ ಹೆಸ್ರು ಬರ್ದಿರ್ತಿತ್ತು. ಆದ್ರೆ ಈ ಕಾಗದ ಯಾವೂರಿಂದು ಅಂತ ಗೂಡನ್ನ ಕೇಳ್ತಿದ್ವಾ? ಕಾಗದ ತಿರುಗ್ಸಿ ನೋಡ್ತಿದ್ವಿ. ನೀನ್ಯಾಕಮ್ಮ ಗೂಡನ್ನ ಕೇಳೋಕ್ ಹೋದೆ?"

ಅಂಚೆಯವರಿಗೆ ಇಷ್ಟು ಗರ್ವ ಇರಬಾರದು.

೧೯ ಅಕ್ಟೋಬರ್, ಬುಧವಾರ

ಮಹೇಶನ ಎದುರು ಕೂತೆ. ಅವನು ಕ್ಷಮೆ ಕೇಳಲು ಶುರುಮಾಡಿದ. ಅದು ಆಮೇಲೆ, ಈಗ ಕೆಲಸ ಎಂದೆ.

"ಹಳೇ ಥರಾನೇ ಜೋಡಿಸ್ಬಿಡೋಣ ಮೇಡಂ. ನಾಲ್ಕು ದೊಡ್ಡವು ಮುಂದೆ, ಹತ್ತು ಹಿಂದೆ. ಮುಗೀತಲ್ಲ?"

ಬೇಡ ಎಂದೆ. ಗೂಡಿನ ಪಟ್ಟಿಯನ್ನೇ ಬಿಡುತ್ತೇನೆ. ಮೊದಲು ಒಂದು ಪುಟ್ಟ ಇಮೇಜ್ ಹೋಗಿ ಬ್ಲೇಡನ್ನೇ ಕೇಳುತ್ತದೆ: ನಿನ್ನ ಡಿಸ್ಕ್ ಎಷ್ಟು, ನೆನಪು ಎಷ್ಟು, ಹುಟ್ಟಿದಾಗ ನಿನಗೆ ಕೊಟ್ಟ ಸಂಖ್ಯೆ ಯಾವುದು? ಅದು ಹೇಳಿದ್ದನ್ನು ನೋಡಿ ದೊಡ್ಡದೋ ಚಿಕ್ಕದೋ ತುಂಬುವುದು. ಯಾವ ಗೂಡಿನಲ್ಲಿ ಕೂತಿದ್ದರೂ ಸರಿ.

"ಎರಡು ದಿನ ಇದೆ ಮೇಡಂ. ಇದು ಫೇಲ್ ಆದ್ರೆ ಚೆನ್ನೈ. ಯಾಕ್ ಬೇಕು ಈ ರಿಸ್ಕು?"

"ಯಾರು ಬೇಕಾದ್ರೂ ಕೈ ಹಾಕಬಹುದಾದ ಹಾಗಿರ್ಲಿ," ಎಂದೆ.

ಮಹೇಶ್ ತಲೆ ಹಿಡಿದುಕೊಂಡ, ಆಮೇಲೆ ತಲೆಯಾಡಿಸಿದ. ಚನ್ನವೀರ, ಅನ್ನಪೂರ್ಣ ಬೆಳಿಗ್ಗೆ ಏಳಕ್ಕೇ ಬಂದಿದ್ದರು. ಅವಳು ಸಂಖ್ಯೆ ಓದುವುದು, ಅವನು ಬ್ಲೇಡ್ ಹೊರಳಿಸಿ ತೋರಿಸುವುದು. ಏಳನೆಯದರ ಸಂಖ್ಯೆಯ ಮೇಲೆ ಗಂಧ ಮೆತ್ತಿತ್ತು. "ಇದು ಅನ್ನಪೂರ್ಣಾನ ಕೈ," ಎಂದ. "ನಿಂದ ಕೈ! ನಾ ಇಷ್ಟು ದಪ್ಪ ಹಚ್ಚಂಗಿಲ್ಲ." ಮಧ್ಯಾಹ್ನದವರೆಗೂ ಇದೇ ಜಗಳ. ಅವಳು ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ನನ್ನ ಡಬ್ಬಿಯ ಚಿತ್ರಾನ್ನ ಚನ್ನವೀರನಿಗೆ ಹೋಯಿತು. ಖಾರ ಸಾಲದಂತೆ.

೨೦ ಅಕ್ಟೋಬರ್

ತಾಲೀಮು. ಒಂದು ಸಲ ಹನ್ನೆರಡು ಎದ್ದವು, ಇನ್ನೊಂದು ಸಲ ಹದಿನಾಲ್ಕು. ನಾಳೆ ಎಷ್ಟೋ.

೨೧ ಅಕ್ಟೋಬರ್, ಶುಕ್ರವಾರ

ದಾವಣಗೆರೆಯಿಂದ ಬಂದವರು ಮರುಳಸಿದ್ದಪ್ಪ ಎಂಬ ಹಿರಿಯರು. ಮೂರು ಮಹಡಿ ಹತ್ತಿ ದಣಿದಿದ್ದರು. ಕಾಫಿ ಕುಡಿದು, "ಸರಿ, ಶುರು ಮಾಡ್ರಿ," ಎಂದರು.

ಹದಿನಾಲ್ಕು ಡಿಸ್ಕನ್ನೂ ಅವರೆದುರೇ ಬರಿದು ಮಾಡಿದೆ. ಅದಾದ ಮೇಲೆ ನನ್ನ ಬಾಯಿಂದ ಬಂದ ಮಾತನ್ನು ಮೊದಲೇ ಯೋಚಿಸಿರಲಿಲ್ಲ.

"ಸಾರ್, ಇವನ್ನೆಲ್ಲ ಹೊರಗೆ ತೆಗೆದು ನಿಮಗೆ ಬೇಕಾದ ಹಾಗೆ ಕಲಸಿ ಹಾಕಿ."

"ನಾನಾ?"

"ನೀವೇ. ಯಾವ ಗೂಡಿಗಾದ್ರೂ ಸರಿ."

ಮಹೇಶನ ಕಡೆ ನೋಡಲಿಲ್ಲ. ಅವನು ಗೋಡೆಗೆ ಒರಗಿದ ಸದ್ದು ಕೇಳಿಸಿತು.

ಚನ್ನವೀರ ಒಂದೊಂದಾಗಿ ಎಳೆದುಕೊಟ್ಟ. ಮೊದಲನೆಯದನ್ನು ಹಿಡಿದು ಮರುಳಸಿದ್ದಪ್ಪನವರು ಮುಚ್ಚಳ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. "ಪೂಜೆ ಮಾಡೀರೇನು?"

ಅನ್ನಪೂರ್ಣ ನನ್ನನ್ನು ನೋಡಿದಳು.

"ಮಾಡಿದೀವಿ," ಎಂದೆ.

"ಒಳ್ಳೇದು. ಇನ್ನೊಂದು ಕಡೆ ನೋಡಿ ಬಂದೆ, ಬರೀ ಧೂಳಿತ್ತು."

ಹದಿನಾಲ್ಕನ್ನೂ ತಮಗೆ ತೋಚಿದಲ್ಲಿ ಹಾಕಿದರು. ಕೊನೆಯ ಹೊತ್ತಿಗೆ ಅವರಿಗೂ ಖುಷಿ ಹತ್ತಿತ್ತು. ಹಿಡಿದದ್ದನ್ನು ಒಂದು ಗೂಡಿನ ಹತ್ತಿರ ಒಯ್ದು, ನನ್ನ ಮುಖ ನೋಡಿ, ಬೇಕೆಂದೇ ಇನ್ನೊಂದಕ್ಕೆ ಹಾಕುತ್ತಿದ್ದರು. ಗಡಿಯಾರ ಒತ್ತಿದೆ. ಹತ್ತು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಐದನೇ ಗೂಡು, ಹನ್ನೊಂದು, ಎರಡು. ಒಂದೊಂದು ಹೆಸರು ಪರದೆಗೆ ಬಂದಾಗಲೂ ಅನ್ನಪೂರ್ಣ ಹಾಜರಿ ಕರೆಯುವವಳ ಹಾಗೆ ಗಟ್ಟಿಯಾಗಿ ಓದಿದಳು. ಉಪವಾಸ ಕೆಡವಿದ್ದ ಇಮೇಜ್ ಹಗುರಾಗಿತ್ತಲ್ಲ, ಓಡಿತು. ಮೂವತ್ತೆಂಟನೇ ನಿಮಿಷಕ್ಕೆ ಹದಿಮೂರು ಎದ್ದಿದ್ದವು.

ಹದಿನಾಲ್ಕನೆಯದು ಏಳಲಿಲ್ಲ. ನಲವತ್ತು. ನಲವತ್ತೆರಡು. ಮಹೇಶ್ ಇಂಗ್ಲಿಷಿನಲ್ಲಿ ಏನೋ ವಿವರಿಸತೊಡಗಿದ. ನಾನು ದಾಖಲೆ ನೋಡುತ್ತಿದ್ದೆ, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಂತಿದ್ದವು. ಚೆನ್ನೈ ಎಂಬ ಊರಿನಲ್ಲಿ ನನಗೆ ಏನೂ ಬೇಕಾಗಿಲ್ಲ ಎಂದು ಆಗ ಅನ್ನಿಸಿತು, ಹಸಿವು ಅನ್ನಿಸುವ ಹಾಗೆ.

ಚನ್ನವೀರ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಸಾಲನ್ನು ಸವರಿಕೊಂಡು ಬಂದ. ಎಂಟನೇ ಗೂಡಿನಲ್ಲಿ ಬೆರಳು ನಿಂತಿತು. ಅಲ್ಲಿನ ಬ್ಲೇಡ್ ಕೂದಲೆಳೆಯಷ್ಟು ಮುಂದಿತ್ತು.

"ಸರ್, ಇದನ್ನ ಭಾಳ ಮೆತ್ತಗ ಹಾಕೀರಿ. ಬರ್ರಿ ಇಲ್ಲಿ, ಅಂಗೈ ಇಟ್ಟು ಒತ್ತರಿ. ಹೆದರಬ್ಯಾಡ್ರಿ."

"ಮುರಿದ್ರೆ?"

"ಗಂಧ ಹಚ್ಚೇತ್ರಿ. ಮುರಿಯಂಗಿಲ್ಲ."

ಅವರು ಒತ್ತಿದರು. ಕಟ್ ಎಂದಿತು. ಹಸಿರು ದೀಪ. ಐವತ್ತೊಂದನೇ ನಿಮಿಷಕ್ಕೆ ಅನ್ನಪೂರ್ಣ ಕೊನೆಯ ಹೆಸರು ಓದಿದಳು. ಓದಿದಳು ಎನ್ನುವುದು ಸರಿಯಲ್ಲ, ಕೂಗಿದಳು. ಮರುಳಸಿದ್ದಪ್ಪನವರು ತಾವೇ ಎಲ್ಲವನ್ನೂ ಮಾಡಿದವರಂತೆ ಅಂಗೈ ನೋಡಿಕೊಂಡು ನಿಂತಿದ್ದರು.

ಹಿಂದಿನ ಬಾಗಿಲಲ್ಲಿ ಪಾಪಯ್ಯ, ಅವನ ಹಿಂದೆ ಅವನ ಇಬ್ಬರು ಬಡಗಿಗಳು. ಯಾವಾಗ ಬಂದರೋ. "ನಂದು ಯಾವ್ದಮ್ಮ ಅದ್ರಲ್ಲಿ?" ಎಂದ ಪಾಪಯ್ಯ. ಹನ್ನೊಂದನೆಯದನ್ನು ತೋರಿಸಿದೆ. ಯಾವುದೆಂದು ನನಗೇನು ಗೊತ್ತು? ಬಗ್ಗಿ ನೋಡಿ, "ಚೆನ್ನಾಗಿ ಉರೀತಾ ಇದೆ," ಎಂದು ಇಳಿದು ಹೋದ.

೨೪ ಅಕ್ಟೋಬರ್, ಸೋಮವಾರ

ದಾವಣಗೆರೆಯವರ ಒಪ್ಪಿಗೆಯ ಕಾಗದ ಬಂತು. ಕಚೇರಿ ಇಲ್ಲೇ. ಇನ್ನೊಂದು ಪೆಟ್ಟಿಗೆಯೂ ಬರುತ್ತದೆ. ಒಂದೂವರೆಗೆ ಗೋಡೆಯಾಚೆ ಚನ್ನವೀರನ ದನಿ: "ಗಂಟು ಕಟ್ಟು!" ಬನ್ನೇರುಘಟ್ಟ ರಸ್ತೆಯವರೆಗೂ ಕೇಳಿಸಿರಬೇಕು.

ಸಂಜೆ ಚೆನ್ನೈಯಿಂದ ಫೋನು. ಈ ಹೊಸ ವಿಧಾನ ಅಲ್ಲಿಗೂ ಬೇಕಂತೆ, ನಾನು ಅಲ್ಲಿಗೇ ಬಂದರೆ ಹುದ್ದೆ ದೊಡ್ಡದಂತೆ. ನವೆಂಬರ್ ಮೊದಲ ವಾರವೇ ಬಂದು ಸೇರಬಹುದೇ ಎಂದರು. ಆಗುವುದಿಲ್ಲ, ಆ ವಾರ ಚನ್ನವೀರನ ಮನೆಯಲ್ಲಿ ಹಾಲುಕ್ಕಿಸುತ್ತಾರೆ ಎಂದೆ. ಅದರ ಮುಂದಿನ ವಾರ? ಎಂದರು. ಆಗಲೂ ಇಲ್ಲ ಎಂದೆ. ವಿಧಾನವನ್ನು ಅನ್ನಪೂರ್ಣ ಬರೆದು ಕಳಿಸುತ್ತಾಳೆ, ಅವಳ ಬರವಣಿಗೆ ನನ್ನದಕ್ಕಿಂತ ಸ್ಪಷ್ಟ.

೪ ನವೆಂಬರ್, ಶುಕ್ರವಾರ

ಬಿ.ಟಿ.ಎಂ.ನ ಆ ಮನೆ ಎರಡನೇ ಮಹಡಿಯಲ್ಲಿದೆ. ಒಂದು ಕೋಣೆ, ಅಡುಗೆಮನೆ, ಒಗೆದ ಬಟ್ಟೆ ಹರವಲು ಎರಡು ಮೊಳ ಬಾಲ್ಕನಿ. ಅಪ್ಪನೂ ಬರುತ್ತೇನೆಂದರು, ಬಂದರು. ಹಾಲು ಬೆಳಿಗ್ಗೆಯೇ ಉಕ್ಕಿತ್ತು, ಪೂರ್ವಕ್ಕೇ. ಮಗು ನಮ್ಮ ಅಪ್ಪನ ಕೈ ಹಿಡಿದು ಬಾಲ್ಕನಿಗೆ ಒಯ್ದು, ಕಾಣುವ ಬಸ್ಸುಗಳನ್ನೆಲ್ಲ ತೋರಿಸುತ್ತಿತ್ತು.

ದಾನಮ್ಮ ನಾನು ಅಂದುಕೊಂಡದ್ದಕ್ಕಿಂತ ಎತ್ತರ. ಗಂಡನಿಗಿಂತ ಗಟ್ಟಿ ದನಿ. "ನೀವ ಏನ್ರಿ ಆ ಅಕ್ಕಾರು? ಫೋನಿನ್ಯಾಗ ದಿನಾ ನಿಮ್ಮ ಸುದ್ದೀನ ರೀ." ಏನು ಸುದ್ದಿ ಎಂದು ಕೇಳಿದೆ. "ಮಾತಾಡೂದಿಲ್ಲ, ಮಾತಾಡೂದಿಲ್ಲ ಅಂತಿದ್ರು. ಹಿಂದಾಗಡೆ, ಭಾಳ ಮಾತಾಡ್ತಾರ ಅಂತ." ಚನ್ನವೀರ ಗ್ಯಾಸಿನ ಕೊಳವೆ ಜೋಡಿಸಲು ಅವಸರದಿಂದ ಬಗ್ಗಿದ. ಸುಳ್ಳು ಸುದ್ದಿ. ನಾನು ಮಾತಾಡುವುದು ಮೊದಲಿನಷ್ಟೇ.

ಗಂಟುಗಳು ಬಿಚ್ಚಿದ್ದವು, ನೆಲದ ತುಂಬ ಡಬ್ಬಿಗಳು. ನಾನೂ ಅನ್ನಪೂರ್ಣಳೂ ಗೋಡೆಯ ಹಲಗೆಗೆ ಜೋಡಿಸಿದೆವು. ಅವಳು ಖಾರದ ಪುಡಿ ಮುಂದೆ ಬರಲಿ ಎನ್ನುವುದು, ನಾನು ಉಪ್ಪು ಎನ್ನುವುದು. ಇದರಲ್ಲೇ ಮಧ್ಯಾಹ್ನ ಹೋಯಿತು. ಹೋಳಿಗೆ ನಾಲ್ಕು ತಿಂದೆ. ಐದು ಎಂದು ಅಪ್ಪ ಬಸ್ಸಿನಲ್ಲಿ ವಾದಿಸಿದರು.

ಸಂಜೆ ಹೊರಟಾಗ ದಾನಮ್ಮ ಮೆಟ್ಟಿಲವರೆಗೆ ಬಂದಳು. "ಮತ್ತ ಯಾವಾಗ ಬರ್ತೀರಿ ಅಕ್ಕಾರ?"

"ಭಾನುವಾರ," ಎಂದೆ.

ನಡುವೆ ಇರುವುದು ಶನಿವಾರ ಒಂದೇ ಎಂದು ಬೊಮ್ಮನಹಳ್ಳಿ ದಾಟಿದ ಮೇಲೆ ಹೊಳೆಯಿತು.